ದಿನ ತುಂಬದ ಶಿಶುವಿನ ಅಸ್ಥಿಪರೀಕ್ಷೆ: ಒಂದು ಚಾರಿತ್ರಿಕ ವಿವೇಚನೆ

ವೈದ್ಯಶಾಸ್ತ್ರಕ್ಕೆ ಸೇರಿದ ವಿಷಯವೊಂದನ್ನು ಇತಿಹಾಸದ ಅಧ್ಯಾಪಕನು ಕೈಗೆತ್ತಿಕೊಂಡುದನ್ನು ಕಂಡು ವಾಚಕರಲ್ಲಿ ಕೆಲವರಿಗಾದರೂ ಆಶ್ಚರ್ಯವಾದೀತು. ಚಿಕಿತ್ಸೆಯನ್ನು ಕುರಿತು ಅಭಿಪ್ರಾಯ ಕೊಡುವ ಅಧಿಕಾರ ಅವನಿಗಿಲ್ಲವೆಂಬುದು ನಿಜ. ಆದರೆ ಕಣ್ಣಿಗೆ ಕಾಣದ ಸಂಗತಿಯೊಂದನ್ನು, ಅದು ಬಿಟ್ಟುಹೋದ ಗುರುತುಗಳ ಮೂಲಕ ಹೇಗೆ ಅರಿಯಬೇಕು, ಯಾವ ಗುರುತನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆ ಶಾಸನಗಳನ್ನೂ ಕಡತಗಳನ್ನೂ ಓದುವವನಿಗೆ ಹೊಸದಲ್ಲ. ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಮೂಳೆಗಳ ಬಲಾಬಲವನ್ನು ನಿರ್ಣಯಿಸುವ ವಿದ್ಯೆ ಇಂಥದೇ ಒಂದು ಪ್ರಮಾಣವಿಚಾರ. ಅದರ ಚರಿತ್ರೆಯಲ್ಲಿ ಇನ್ನೊಂದು ಸ್ವಾರಸ್ಯವೂ ಉಂಟು. ಹಳೆಯ ರೋಗವೊಂದರ ಹೆಸರನ್ನು ಹೊಸ ರೋಗಕ್ಕೆ ಇಟ್ಟುದರಿಂದ ವಿದ್ವಾಂಸರು ಹಲವು ದಶಕಗಳವರೆಗೆ ತಪ್ಪು ದಿಕ್ಕಿನಲ್ಲಿ ಹುಡುಕಿದರು. ಆ ಹುಡುಕಾಟದ ಬೆಲೆಯನ್ನು ತೆತ್ತವರು ಮಾತನಾಡಲಾರದ ಶಿಶುಗಳು.

ಮೊದಲು ಸಮಸ್ಯೆಯ ಸ್ವರೂಪವನ್ನು ತಿಳಿಯೋಣ. ಗರ್ಭಕಾಲವು ಸಾಧಾರಣವಾಗಿ 40 ವಾರಗಳದು. 37 ವಾರ ತುಂಬುವುದಕ್ಕೆ ಮುಂಚೆಯೇ ಹುಟ್ಟಿದ ಕೂಸನ್ನು ದಿನ ತುಂಬದ ಶಿಶುವೆಂದು ಎಣಿಸುತ್ತಾರೆ. ಮೂಳೆಗೆ ಗಡಸುತನವನ್ನು ಕೊಡುವ ಕ್ಯಾಲ್ಸಿಯಂ, ರಂಜಕ ಎಂಬ ಎರಡು ಖನಿಜಗಳು ತಾಯಿಯ ರಕ್ತದಿಂದ ಭ್ರೂಣಕ್ಕೆ ಸಮಪ್ರಮಾಣದಲ್ಲಿ ದಿನದಿನವೂ ಬರುವುದಿಲ್ಲ. ತುಂಬು ಶಿಶುವಿನ ಮೈಯಲ್ಲಿರುವ ಖನಿಜದ ಸುಮಾರು ಶೇಕಡ 80 ಭಾಗ ಕೊನೆಯ ಮೂರು ತಿಂಗಳಲ್ಲಿ ಬಂದು ಸೇರಿದ್ದು. ಭ್ರೂಣದೇಹದ ಘಟಕಗಳನ್ನು ವಾರವಾರಕ್ಕೆ ಲೆಕ್ಕ ಹಾಕಿ, ಅಮೆರಿಕದ ಜೀಗ್ಲರ್ ಮತ್ತು ಅವನ ಸಂಗಡಿಗರು 1976ರಲ್ಲಿ ‘ಮಾದರಿ ಭ್ರೂಣ’ವೊಂದರ ಪಟ್ಟಿಯನ್ನು ಸಿದ್ಧಪಡಿಸಿದರು. ಇಂಥ ಲೆಕ್ಕಗಳ ಪ್ರಕಾರ ಆ ಕಾಲದಲ್ಲಿ ಭ್ರೂಣವು ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ ದಿನವೊಂದಕ್ಕೆ 100ರಿಂದ 130 ಮಿಲಿಗ್ರಾಂ ಕ್ಯಾಲ್ಸಿಯಮನ್ನೂ 60ರಿಂದ 75 ಮಿಲಿಗ್ರಾಂ ರಂಜಕವನ್ನೂ ಶೇಖರಿಸಿಕೊಳ್ಳುತ್ತದೆ.

ಇಂಥ ಸಮಯದಲ್ಲಿ, 28ನೆಯ ವಾರದಲ್ಲಿ, ಒಂದು ಕಿಲೋಗ್ರಾಂ ತೂಕದ ಕೂಸು ಹುಟ್ಟಿತೆಂದು ಭಾವಿಸಿ. ಹೊಕ್ಕುಳಬಳ್ಳಿಯ ದಾರಿ ಕಡಿದುಹೋಯಿತು. ಇನ್ನು ಗತಿ ಹಾಲೊಂದೇ. ತಾಯಿಯ ಹಾಲಿನ 100 ಮಿಲಿಲೀಟರಿನಲ್ಲಿ 25ರಿಂದ 30 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ರಂಜಕವು ಅದರ ಅರ್ಧದಷ್ಟು. ಕೂಸು ದಿನಕ್ಕೆ 180 ಮಿಲಿಲೀಟರ್ ಹಾಲನ್ನು ಅರಗಿಸಿಕೊಂಡರೂ ಅದಕ್ಕೆ ದೊರೆಯುವ ಕ್ಯಾಲ್ಸಿಯಂ 50 ಮಿಲಿಗ್ರಾಂ ಆಸುಪಾಸಿನದು. ಅದರಲ್ಲಿಯೂ ಒಂದು ಭಾಗ ಕರುಳಿನಿಂದ ಹೀರಲ್ಪಡದೆ ಹೊರಟುಹೋಗುತ್ತದೆ. ಮೊದಲ ವಾರಗಳಲ್ಲಿ ಇಷ್ಟು ಹಾಲನ್ನು ಕುಡಿಯುವ ಶಕ್ತಿಯೂ ಎಲ್ಲ ಕೂಸುಗಳಿಗೆ ಇರುವುದಿಲ್ಲ. ಹೀಗೆ ಬೆಳವಣಿಗೆ ಅತಿಶೀಘ್ರವಾಗಿರುವ ಕಾಲದಲ್ಲಿಯೇ ಆಮದು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಗರ್ಭದಲ್ಲಿದ್ದ ಭ್ರೂಣವು ಕೈಕಾಲುಗಳನ್ನು ಗರ್ಭಾಶಯದ ಗೋಡೆಗೆ ಒದೆದು ಮೂಳೆಗೆ ಕೊಡುತ್ತಿದ್ದ ವ್ಯಾಯಾಮವೂ ಕಾವಿನ ಪೆಟ್ಟಿಗೆಯಲ್ಲಿ ಮಲಗಿದ ಕೂಸಿಗೆ ಇಲ್ಲ. ತಾಯಿಯ ಹಾಲು ದೋಷವುಳ್ಳದ್ದೆಂದು ಇದರಿಂದ ಯಾರೂ ತಿಳಿಯಬಾರದು. ತುಂಬು ಶಿಶುವಿಗೆ ಅದು ಎಲ್ಲ ವಿಧದಲ್ಲಿಯೂ ತಕ್ಕದ್ದು. ಇಲ್ಲಿ ಆ ಹಾಲಿಗೆ ಹೊರಿಸಿದ ಹೊರೆ ಗರ್ಭದ್ದು.

ಹಿಂದಿನ ಶತಮಾನಗಳ ವೈದ್ಯರಿಗೆ ಈ ರೋಗದ ಪರಿಚಯವಿರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಅಷ್ಟು ಚಿಕ್ಕ ಕೂಸುಗಳು ಮೂಳೆ ಮೆತ್ತಗಾಗುವಷ್ಟು ದಿನ ಬದುಕುತ್ತಲೇ ಇರಲಿಲ್ಲ. ಅವರಿಗೆ ಗೊತ್ತಿದ್ದುದು ದೊಡ್ಡ ಮಕ್ಕಳ ರಿಕೆಟ್ಸ್ ರೋಗ. ಡೇನಿಯಲ್ ವಿಸ್ಲರ್ ಎಂಬವನು 1645ರಲ್ಲಿ ಲೈಡನ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿಯೂ, ಫ್ರಾನ್ಸಿಸ್ ಗ್ಲಿಸನ್ 1650ರಲ್ಲಿ ಲಂಡನ್ನಿನಿಂದ ಹೊರತಂದ ಲ್ಯಾಟಿನ್ ಗ್ರಂಥದಲ್ಲಿಯೂ ಅದರ ವಿವರಣೆಗಳಿವೆ. ಡೊಂಕು ಕಾಲು, ಊದಿದ ಮಣಿಕಟ್ಟು, ಎದೆಯ ಪಕ್ಕೆಲುಬುಗಳ ಮೇಲೆ ಮಣಿಗಳಂತೆ ಕೈಗೆ ಸಿಕ್ಕುವ ಗಂಟುಗಳು, ಇವೇ ಲಕ್ಷಣಗಳು. 1843ರಲ್ಲಿ ಜರ್ಮನಿಯ ಎಲ್ಸೆಸರ್, ಬೆರಳಿನಿಂದ ಒತ್ತಿದರೆ ತಗ್ಗುವ ಮೆತ್ತನೆಯ ತಲೆಬುರುಡೆಯನ್ನು ಈ ಪಟ್ಟಿಗೆ ಸೇರಿಸಿದನು. ಕಣ್ಣು ಮತ್ತು ಬೆರಳು, ಈ ಎರಡನ್ನು ಬಿಟ್ಟು ಪರೀಕ್ಷಾಸಾಧನಗಳಿರಲಿಲ್ಲ. ಪ್ಯಾರಿಸ್ಸಿನಲ್ಲಿ ತಾರ್ನಿಯೆ 1880ರ ಸುಮಾರಿನಲ್ಲಿ ಕಾವಿನ ಪೆಟ್ಟಿಗೆಯನ್ನು ಬಳಕೆಗೆ ತಂದನು. ಅವನ ಶಿಷ್ಯ ಬುದ್ಯಾಂ ಕೂಸುಗಳ ತೂಕ, ಉಷ್ಣತೆ, ಆಹಾರಗಳನ್ನು ಕ್ರಮವಾಗಿ ಬರೆದಿಡುವ ಪದ್ಧತಿಯನ್ನು ಬೆಳೆಸಿದನು. ಇವರಿಂದಾಗಿ ದಿನ ತುಂಬದ ಶಿಶುಗಳು ಹೆಚ್ಚು ಸಂಖ್ಯೆಯಲ್ಲಿ ಉಳಿಯತೊಡಗಿದವು. ಉಳಿದ ಮೇಲೆ ಅವುಗಳ ಮೂಳೆಗಳ ಪ್ರಶ್ನೆ ಎದ್ದಿತು.

ಈ ನಡುವೆ 1895ರ ನವೆಂಬರಿನಲ್ಲಿ ರಾಂಟ್‌ಗೆನ್ ಕ್ಷ-ಕಿರಣಗಳನ್ನು ಕಂಡುಹಿಡಿದಿದ್ದನು. ಜೀವಂತ ಮನುಷ್ಯನ ಅಸ್ಥಿಪಂಜರವನ್ನು ನೋಡುವುದು ಅಂದಿನಿಂದ ಸಾಧ್ಯವಾಯಿತು. ಆ ಚಿತ್ರವನ್ನು ರಿಕೆಟ್ಸಿನ ವಿಚಾರದಲ್ಲಿ ಅತ್ಯಂತ ಸಮರ್ಥವಾಗಿ ಉಪಯೋಗಿಸಿದವನು ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ. ಮಹಾಯುದ್ಧ ಮುಗಿದ ಹೊಸದರಲ್ಲಿ, ಹಸಿವಿನಿಂದ ಕಂಗೆಟ್ಟಿದ್ದ ಆ ನಗರದಲ್ಲಿ, ಅವನು ನಾಲ್ವರು ಮಕ್ಕಳಿಗೆ ಪಾದರಸದ ದೀಪದ ನೇರಳಾತೀತ ಕಿರಣಗಳನ್ನು ಹಾಯಿಸಿದನು. ಅವರ ಮೂಳೆಗಳು ಗಟ್ಟಿಯಾದುದನ್ನು ಕ್ಷ-ಕಿರಣ ಚಿತ್ರಗಳಿಂದ 1919ರಲ್ಲಿ ತೋರಿಸಿದನು. ಒಂದು ತೋಳಿಗೆ ಮಾತ್ರ ಬೆಳಕನ್ನು ಹಾಯಿಸಿದರೂ ಇನ್ನೊಂದು ತೋಳಿನ ಮೂಳೆಯೂ ವಾಸಿಯಾಯಿತೆಂಬುದು ಅವನ ಪ್ರಯೋಗದ ತಿರುಳು. ಬೆಳಕಿನಿಂದ ಹುಟ್ಟಿದ ಯಾವುದೋ ವಸ್ತು ರಕ್ತದೊಡನೆ ಸಂಚರಿಸುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡವಾಗಿತ್ತು. ಅದೇ ವರ್ಷ ಲಂಡನ್ನಿನ ಮೆಲನ್ಬಿ ನಾಯಿಮರಿಗಳಲ್ಲಿ ಆಹಾರದಿಂದಲೇ ರಿಕೆಟ್ಸನ್ನು ಉಂಟುಮಾಡಿ, ಕಾಡ್ ಮೀನಿನ ಎಣ್ಣೆಯಿಂದ ಅದನ್ನು ತಡೆದನು. 1919ರಿಂದ 1922ರವರೆಗೆ ವಿಯೆನ್ನಾದಲ್ಲಿ ಹ್ಯಾರಿಯೆಟ್ ಚಿಕ್ ಎಂಬ ವಿದುಷಿ ಮತ್ತು ಆಕೆಯ ಸಹೋದ್ಯೋಗಿಗಳು ಶಿಶುಗಳಲ್ಲಿ ಬಿಸಿಲು, ಮೀನೆಣ್ಣೆ ಎರಡೂ ಗುಣಕಾರಿಗಳೆಂಬುದನ್ನು ಸಿದ್ಧಪಡಿಸಿದರು. ಆ ವಸ್ತುವಿಗೆ ಅಮೆರಿಕದ ಮೆಕಾಲಮ್ ಡಿ ಜೀವಸತ್ತ್ವವೆಂದು ಹೆಸರಿಟ್ಟನು. ಮೂರು ಶತಮಾನಗಳ ಒಗಟು ಮೂರು ನಾಲ್ಕು ವರ್ಷಗಳಲ್ಲಿ ಬಿಡಿಸಿಹೋಯಿತು.

ವಿಜಯವು ಇಷ್ಟು ಸಂಪೂರ್ಣವಾಗಿದ್ದುದೇ ಮುಂದಿನ ಅನರ್ಥಕ್ಕೆ ದಾರಿಯಾಯಿತೆಂದು ನನ್ನ ಎಣಿಕೆ. ದಿನ ತುಂಬದ ಶಿಶುಗಳ ಮಣಿಕಟ್ಟಿನ ಚಿತ್ರಗಳಲ್ಲಿ ಅವೇ ಲಕ್ಷಣಗಳು ಕಂಡುಬಂದಾಗ ವೈದ್ಯರು ಅದನ್ನು ‘ಅಕಾಲಜಾತರ ರಿಕೆಟ್ಸ್’ ಎಂದು ಕರೆದರು. ರಿಕೆಟ್ಸ್ ಎಂದ ಮೇಲೆ ಕೊರತೆ ಡಿ ಜೀವಸತ್ತ್ವದ್ದೇ ಆಗಿರಬೇಕಷ್ಟೆ! ಆ ಜೀವಸತ್ತ್ವವನ್ನು ಕೊಟ್ಟರು. ರೋಗ ನಿಲ್ಲದಿದ್ದಾಗ ಇನ್ನೂ ಹೆಚ್ಚಾಗಿ ಕೊಟ್ಟರು. ಅಮೆರಿಕದ ಬೆಂಜಮಿನ್, ಗಾರ್ಡನ್, ಮಾರ್ಪಲ್ಸ್ ಎಂಬ ಮೂವರು 1943ರಲ್ಲಿಯೇ ಇಂಥ ಶಿಶುಗಳ ಕ್ಯಾಲ್ಸಿಯಂ ಮತ್ತು ರಂಜಕದ ಅವಶ್ಯಕತೆಯನ್ನು ಲೆಕ್ಕ ಹಾಕಿ, ತಾಯಿಯ ಹಾಲಿನ ಪೂರೈಕೆ ಸಾಲದೆಂಬುದನ್ನು ತೋರಿಸಿದ್ದರು. 1946ರಲ್ಲಿ ವಾನ್ ಸೀಡೋ ಎಂಬ ವೈದ್ಯನು ಈ ರೋಗದಲ್ಲಿ ರಂಜಕದ ಕೊರತೆಯ ಪಾತ್ರವನ್ನು ಎತ್ತಿ ಹೇಳಿದನು. ಈ ಬರಹಗಳು ಅಚ್ಚಾಗಿ ಗ್ರಂಥಾಲಯಗಳಲ್ಲಿದ್ದವು. ಆದರೂ ವಾಡಿಕೆ ಬದಲಾಗಲಿಲ್ಲ. ಇತ್ತ ಬ್ರಿಟನ್ನಿನಲ್ಲಿ 1950ರ ದಶಕದಲ್ಲಿ ಹಾಲಿನ ಪುಡಿಗೂ ಮಕ್ಕಳ ಆಹಾರಕ್ಕೂ ಧಾರಾಳವಾಗಿ ಡಿ ಜೀವಸತ್ತ್ವವನ್ನು ಬೆರೆಸಿದ್ದರಿಂದ, ಸಾಮಾನ್ಯ ಶಿಶುಗಳಲ್ಲಿಯೇ ಕೆಲವಕ್ಕೆ ರಕ್ತದ ಕ್ಯಾಲ್ಸಿಯಂ ಅತಿಯಾಗಿ ಏರಿ ಕಾಯಿಲೆಯುಂಟಾಯಿತು. 1957ರಲ್ಲಿ ಆ ಪ್ರಮಾಣವನ್ನು ತಗ್ಗಿಸಬೇಕಾಯಿತು.

1979ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾದ ಒಂದೇ ಒಂದು ಶಿಶುವಿನ ವೃತ್ತಾಂತ ಈ ವಿಚಾರದಲ್ಲಿ ಗಮನಾರ್ಹವಾದುದು. ತಾಯಿಯ ಹಾಲನ್ನು ಉಂಡ ಆ ಶಿಶುವಿನ ರಿಕೆಟ್ಸಿಗೆ ಕಾರಣ ರಂಜಕದ ಅಭಾವವೆಂದು ಅದರಲ್ಲಿ ಸಾಧಿಸಲಾಗಿತ್ತು. ಅತಿ ಕಡಿಮೆ ತೂಕದ ಶಿಶುಗಳಿಗೆ ದಿನಕ್ಕೆ 400 ಅಂತರರಾಷ್ಟ್ರೀಯ ಮಾನಗಳಷ್ಟು ಡಿ ಜೀವಸತ್ತ್ವವನ್ನು ಕೊಟ್ಟರೂ 2000 ಮಾನಗಳಷ್ಟನ್ನು ಕೊಟ್ಟರೂ ಅಸ್ಥಿರೋಗದಲ್ಲಿ ವ್ಯತ್ಯಾಸ ಕಾಣದೆಂದು 1989ರ ಒಂದು ತುಲನಾತ್ಮಕ ಪರೀಕ್ಷೆ ತಿಳಿಸಿತು. ಲೆಕ್ಕ 1943ರಲ್ಲಿ, ಅದರ ಅಂಗೀಕಾರ 1980ರ ದಶಕದಲ್ಲಿ. ಈಗಿನ ಗ್ರಂಥಗಳು ರಿಕೆಟ್ಸ್ ಎಂಬ ಮಾತನ್ನು ಚಿತ್ರದಲ್ಲಿ ಕಾಣುವ ಬದಲಾವಣೆಗೆ ಮಾತ್ರ ಮೀಸಲಿಟ್ಟು, ಒಟ್ಟು ರೋಗವನ್ನು ಅಕಾಲಜಾತರ ಚಯಾಪಚಯ ಸಂಬಂಧವಾದ ಅಸ್ಥಿರೋಗವೆಂದು ಕರೆಯುತ್ತವೆ. ಹೆಸರು ಉದ್ದವಾಯಿತು, ಆದರೆ ದಾರಿ ತಪ್ಪಿಸುವುದಿಲ್ಲ.

ಇನ್ನು ಪರೀಕ್ಷೆಗಳ ವಿಚಾರ. ಕ್ಷ-ಕಿರಣ ಚಿತ್ರಕ್ಕೆ ಬಹುಕಾಲ ಸರ್ವೋಚ್ಚ ಪ್ರಮಾಣದ ಗೌರವ ಸಲ್ಲುತ್ತಿತ್ತು. 1982ರಲ್ಲಿ ಕೂ ಎಂಬವನೂ ಅವನ ಸಂಗಡಿಗರೂ ಮಣಿಕಟ್ಟಿನ ಚಿತ್ರವನ್ನು ನೋಡಿ ರೋಗದ ಹಂತಗಳನ್ನು ಗೊತ್ತುಮಾಡುವ ಕ್ರಮವನ್ನು ಹಾಕಿಕೊಟ್ಟರು. ಮೂಳೆಯ ತುದಿಯ ಬಿಳಿಯ ಗೆರೆ ಮಾಸಿ ಮೂಳೆ ತೆಳುವಾಗಿ ಕಾಣುವುದು ಮೊದಲನೆಯದು. ಆ ತುದಿ ಬಟ್ಟಲಿನಂತೆ ಹಳ್ಳಬಿದ್ದು ಅಂಚು ಎಳೆಎಳೆಯಾಗುವುದು ಎರಡನೆಯದು. ಮೂಳೆ ಮುರಿದಿರುವುದು ಮೂರನೆಯದು. ಇದು ಸ್ಪಷ್ಟವಾದ ಕ್ರಮವೇ ಸರಿ. ಆದರೆ ಮೂಳೆಯ ಖನಿಜದಲ್ಲಿ ಶೇಕಡ 20ರಿಂದ 40ರಷ್ಟು ನಷ್ಟವಾಗುವವರೆಗೆ ಸಾಧಾರಣ ಚಿತ್ರದಲ್ಲಿ ಏನೂ ಗೋಚರಿಸುವುದಿಲ್ಲ. ರಾಜ್ಯ ಮುಳುಗಿದ ಮೇಲೆ ಬರೆದ ಬಖೈರಿನಂತೆ ಅದು ನಡೆದುದನ್ನು ನಿಜವಾಗಿ ಹೇಳುತ್ತದೆ, ಆದರೆ ತಡವಾಗಿ ಹೇಳುತ್ತದೆ. ಮುಂಚಿತವಾಗಿ ತಿಳಿಯಬೇಕಾದರೆ ದಿನವಹಿ ಲೆಕ್ಕದ ಪುಸ್ತಕವನ್ನೇ ತೆರೆಯಬೇಕು. ಆ ಪುಸ್ತಕವೇ ರಕ್ತ.

ಲಂಡನ್ನಿನ ಲಿಸ್ಟರ್ ಸಂಸ್ಥೆಯ ರಾಬರ್ಟ್ ರಾಬಿಸನ್, ಬೆಳೆಯುತ್ತಿರುವ ಎಳೆಯ ಪ್ರಾಣಿಗಳ ಮೂಳೆಯಲ್ಲಿ ರಂಜಕದ ಸಂಯುಕ್ತಗಳನ್ನು ಒಡೆಯುವ ಕಿಣ್ವವೊಂದಿರುವುದನ್ನು 1923ರಲ್ಲಿ ವರದಿಮಾಡಿದನು. ಅದೇ ಈಗ ಆಲ್ಕಲೈನ್ ಫಾಸ್ಫಟೇಸ್ ಎನ್ನಿಸಿಕೊಂಡಿರುವುದು. ಮೂಳೆ ಕಟ್ಟುವ ಕಣಗಳು ಖನಿಜ ಸಾಲದೆ ಹೆಣಗುವಾಗ ಇದನ್ನು ಹೆಚ್ಚುಹೆಚ್ಚಾಗಿ ಉತ್ಪಾದಿಸುತ್ತವೆ. ಅದು ರಕ್ತಕ್ಕೂ ಹರಿದುಬರುತ್ತದೆ. ಮೂಳೆಯ ರೋಗಗಳಲ್ಲಿ ರಕ್ತದ ಫಾಸ್ಫಟೇಸ್ ಏರುವುದನ್ನು ಕೇ ಎಂಬವನು 1929ರಲ್ಲಿ ತೋರಿಸಿದನು. ಆದರೆ ಒಂದು ಕಿಲೋಗ್ರಾಂ ತೂಕದ ಕೂಸಿನ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ 100 ಮಿಲಿಲೀಟರನ್ನು ಅಷ್ಟಾಗಿ ಮೀರದು. ಪರೀಕ್ಷೆಗೆಂದು ಪದೇಪದೇ ತೆಗೆಯುವುದು ಹೇಗೆ? ಈ ತೊಡಕನ್ನು ಬಿಡಿಸಿದವರು ಬೆಸ್ಸಿ, ಲೌರಿ, ಬ್ರಾಕ್ ಎಂಬ ಅಮೆರಿಕನ್ನರು. ಐದು ಘನ ಮಿಲಿಮೀಟರ್ ರಕ್ತಸಾರದಲ್ಲಿ, ಎಂದರೆ ಒಂದು ಹನಿಯ ಹತ್ತನೆಯ ಒಂದು ಭಾಗದಷ್ಟರಲ್ಲಿ, ಈ ಕಿಣ್ವವನ್ನು ಅಳೆಯುವ ವಿಧಾನವನ್ನು ಅವರು 1946ರಲ್ಲಿ ಪ್ರಕಟಿಸಿದರು. ನವಜಾತ ಶಿಶುಗಳ ವೈದ್ಯಕ್ಕೆ ಇದಕ್ಕಿಂತ ಹೆಚ್ಚಿನ ಉಪಕಾರವನ್ನು ಮಾಡಿದ ರಸಾಯನಶಾಸ್ತ್ರದ ಪ್ರಬಂಧಗಳು ವಿರಳವೆಂದೇ ಹೇಳಬೇಕು.

ಹಳೆಯ ವರದಿಗಳನ್ನು ಓದುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಎಚ್ಚರಿಕೆ ಅಗತ್ಯ. 1930ರ ದಶಕದಿಂದ ಈಚೆಗೆ ಈ ಕಿಣ್ವವನ್ನು ಬೊಡಾನ್ಸ್ಕಿಯ ಮಾನದಲ್ಲಿಯೂ, ಕಿಂಗ್ ಮತ್ತು ಆರ್ಮ್‌ಸ್ಟ್ರಾಂಗರ ಮಾನದಲ್ಲಿಯೂ, ಬೆಸ್ಸಿ ಮತ್ತು ಲೌರಿಯ ಮಾನದಲ್ಲಿಯೂ ಅಳೆದಿದ್ದಾರೆ. ಈಗ ಬಳಕೆಯಲ್ಲಿರುವುದು ಅಂತರರಾಷ್ಟ್ರೀಯ ಮಾನ. ವರಹ, ಹಣ, ರೂಪಾಯಿಗಳನ್ನು ಒಂದೇ ಸಾಲಿನಲ್ಲಿ ಕೂಡಿದಂತೆ ಇವುಗಳನ್ನು ಕೂಡಿದರೆ ಫಲಿತಾಂಶ ಹಾಸ್ಯಾಸ್ಪದವಾದೀತು.

ಈ ಸಾಕ್ಷಿಗೂ ಮಿತಿಗಳುಂಟು. ಯಕೃತ್ತು ಕೆಟ್ಟಾಗಲೂ ಈ ಕಿಣ್ವ ಏರುತ್ತದೆ. ಆರೋಗ್ಯವಾಗಿ ಬೆಳೆಯುತ್ತಿರುವ ಕೂಸಿನಲ್ಲಿಯೂ ಅದು ದೊಡ್ಡವರಿಗಿಂತ ಹೆಚ್ಚಾಗಿಯೇ ಇರುತ್ತದೆ. ಆದುದರಿಂದ ಒಂದು ದಿನದ ಸಂಖ್ಯೆಗಿಂತ ವಾರದಿಂದ ವಾರಕ್ಕೆ ಅದು ಹೋಗುತ್ತಿರುವ ದಿಕ್ಕು ಮುಖ್ಯ. ಹಾಗಿದ್ದರೂ ಈ ಸಂಖ್ಯೆಯನ್ನು ಲಘುವಾಗಿ ಕಾಣತಕ್ಕದ್ದಲ್ಲ. ಬ್ರಿಟನ್ನಿನ ಆಲನ್ ಲೂಕಸ್ ಮತ್ತು ಸಹಚರರು ಎಂಟುನೂರಕ್ಕೂ ಮಿಕ್ಕ ಅಕಾಲಜಾತ ಶಿಶುಗಳನ್ನು ಪರಿಶೀಲಿಸಿ 1989ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಫಾಸ್ಫಟೇಸ್ ಅತ್ಯಧಿಕವಾಗಿ ಏರಿದ್ದ ಶಿಶುಗಳು ಆಸ್ಪತ್ರೆಯಲ್ಲಿದ್ದಾಗ ಉದ್ದದಲ್ಲಿ ನಿಧಾನವಾಗಿ ಬೆಳೆದವು. ಹದಿನೆಂಟು ತಿಂಗಳಾದಾಗಲೂ ಮಿಕ್ಕವುಗಳಿಗಿಂತ ಗಿಡ್ಡವಾಗಿದ್ದವು. ಮೂಳೆ ಮುರಿಯದಿದ್ದರೂ, ಹೊರಗೆ ಏನೂ ಕಾಣದಿದ್ದರೂ, ರೋಗವು ತನ್ನ ಗುರುತನ್ನು ಬಿಟ್ಟಿತ್ತು.

ರಕ್ತದ ಕ್ಯಾಲ್ಸಿಯಮನ್ನು ಅಳೆದರೆ ಸಾಲದೇ ಎಂದು ವಾಚಕರು ಕೇಳಬಹುದು. ಸಾಲದು, ಈ ಎಲ್ಲ ಸಾಕ್ಷಿಗಳಲ್ಲಿ ಅತ್ಯಂತ ವಂಚಕವಾದುದು ಅದೇ. ಹೃದಯ, ನರ, ಸ್ನಾಯುಗಳು ಕೆಲಸಮಾಡಲು ರಕ್ತದಲ್ಲಿ ಕ್ಯಾಲ್ಸಿಯಂ ಒಂದು ನಿಯತ ಮಟ್ಟದಲ್ಲಿರಬೇಕು. ಅದು ತಗ್ಗುವ ಸೂಚನೆ ಕಂಡೊಡನೆ ಪ್ಯಾರಾಥೈರಾಯ್ಡ್ ಗ್ರಂಥಿಯ ರಸವು ಮೂಳೆಯನ್ನು ಕರಗಿಸಿ ಕೊರತೆಯನ್ನು ತುಂಬಿಸುತ್ತದೆ. ಬೊಕ್ಕಸ ಬರಿದಾಗುತ್ತಿದ್ದರೂ ಸಂಬಳ ತಪ್ಪದೆ ಬಟವಾಡೆಯಾಗುತ್ತಿರುವ ಸಂಸ್ಥಾನದ ಸ್ಥಿತಿ ಇದು. ರಂಜಕವು ಇಷ್ಟು ಬಿಗಿಯಾಗಿ ಕಾಯಲ್ಪಡುವುದಿಲ್ಲವಾದ್ದರಿಂದ ಅದು ಬೇಗ ಇಳಿಯುತ್ತದೆ. ಅದರ ಇಳಿತ ನಂಬತಕ್ಕ ಸೂಚನೆ. ಆದರೆ ಅಲ್ಲಿಯೂ ಒಂದು ವಿವೇಚನೆ ಬೇಕು. ರಂಜಕವೇ ಸಾಲದೆ ಹೋದರೆ ಮೂತ್ರಪಿಂಡಗಳು ಅದನ್ನು ಒಂದಿಷ್ಟೂ ಬಿಡದೆ ಹಿಡಿದಿಟ್ಟುಕೊಳ್ಳುತ್ತವೆ, ಗ್ರಂಥಿಯ ರಸವು ಏರುವುದಿಲ್ಲ. ಕ್ಯಾಲ್ಸಿಯಂ ಸಾಲದೆ ಹೋದರೆ ಆ ರಸವು ಏರುತ್ತದೆ. ಏರಿದ ರಸವು ರಂಜಕವನ್ನು ಮೂತ್ರದಲ್ಲಿ ಹೊರಕ್ಕೆ ಹಾಕುತ್ತದೆ. ಎರಡು ಸಂದರ್ಭಗಳಲ್ಲಿಯೂ ರಕ್ತದ ರಂಜಕ ಕಡಿಮೆಯೇ. ಕಾರಣ ಮಾತ್ರ ಬೇರೆ, ಕೊಡಬೇಕಾದುದೂ ಬೇರೆ. ಎರಡನೆಯ ಸಂದರ್ಭದಲ್ಲಿ ರಂಜಕವನ್ನು ಮಾತ್ರ ಸುರಿದರೆ ಮೂಳೆಯ ನಷ್ಟ ಹೆಚ್ಚೀತು. ಇದನ್ನು ಬೇರ್ಪಡಿಸಲು ಮೂತ್ರಪರೀಕ್ಷೆ ನೆರವಾಗುತ್ತದೆ. ಜರ್ಮನಿಯ ಪೋಲಾಂಟ್ 1994ರಲ್ಲಿ ಪ್ರಕಟಿಸಿದ ಕ್ರಮವಂತೂ ಸರಳತೆಯಿಂದಲೇ ಮನಸ್ಸನ್ನು ಸೆಳೆಯುತ್ತದೆ. ಕೂಸಿನ ಮೂತ್ರದಲ್ಲಿ ಕ್ಯಾಲ್ಸಿಯಂ, ರಂಜಕ ಎರಡೂ ಸ್ವಲ್ಪಸ್ವಲ್ಪ ಹೊರಬೀಳುವವರೆಗೆ ಆ ಖನಿಜಗಳ ಪ್ರಮಾಣವನ್ನು ಹೆಚ್ಚಿಸುತ್ತ ಹೋಗುವುದು. ಎರಡೂ ಮಿಗುತ್ತಿವೆಯೆಂದರೆ ಮೂಳೆಗೆ ಬೇಕಾದಷ್ಟು ಸಂದಿದೆಯೆಂದು ಅರ್ಥ. ಸೂಜಿಯ ಚುಚ್ಚು ಸಹ ಬೇಡ.

ಖನಿಜವನ್ನೇ ನೇರವಾಗಿ ಅಳೆಯುವ ಯಂತ್ರಗಳೂ ಬಂದಿವೆ. ವಿಸ್ಕಾನ್ಸಿನ್ನಿನ ಕ್ಯಾಮರನ್ ಮತ್ತು ಸೊರೆನ್ಸನ್ 1963ರಲ್ಲಿ ವಿವರಿಸಿದ ಫೋಟಾನ್ ಹೀರಿಕೆಯ ವಿಧಾನವನ್ನು, 1970ರ ದಶಕದ ಕೊನೆಗೆ ಸಿನ್ಸಿನಾಟಿಯ ರೆಜಿನಾಲ್ಡ್ ಸ್ಯಾಂಗ್ ಮೊದಲಾದವರು ಅಕಾಲಜಾತ ಶಿಶುಗಳ ಮುಂಗೈಗೆ ಅನ್ವಯಿಸಿದರು. ಅನಂತರ ಎರಡು ಶಕ್ತಿಗಳ ಕ್ಷ-ಕಿರಣದ ಯಂತ್ರವಾದ ಡೆಕ್ಸಾ ಬಂದಿತು. ನಿಖರತೆಯಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಉಸಿರಾಟದ ಯಂತ್ರಕ್ಕೆ ಕಟ್ಟುಬಿದ್ದ ಕೂಸನ್ನು ಅದರ ಬಳಿಗೆ ಒಯ್ಯಬೇಕು, ಒಯ್ದ ಮೇಲೆ ಅದು ಅಲುಗಬಾರದು. ಹೀಗಾಗಿ ಅದು ಸಂಶೋಧಕರ ಸಾಧನವಾಗಿಯೇ ಉಳಿದಿದೆ. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಶ್ರವಣಾತೀತ ಧ್ವನಿ ಓಡುವ ವೇಗವನ್ನು, ಸೆಕೆಂಡಿಗೆ ಸುಮಾರು 3000 ಮೀಟರ್, ಹಾಸಿಗೆಯ ಪಕ್ಕದಲ್ಲಿಯೇ ಅಳೆಯುವ ಚಿಕ್ಕ ಯಂತ್ರವೂ ಉಂಟು. ಅದರಲ್ಲಿ ಕಿರಣದ ಭಯವಿಲ್ಲ. ಆದರೆ ಚಿಕಿತ್ಸೆಯನ್ನು ಬದಲಾಯಿಸಲು ಅದೊಂದನ್ನೇ ನೆಚ್ಚುವ ವೈದ್ಯರು ಕಡಿಮೆ.

ಇಷ್ಟೆಲ್ಲ ಪರೀಕ್ಷೆಗಳ ಪ್ರಯೋಜನವೇನೆಂಬುದನ್ನು ಒಂದು ಸಂದರ್ಭದಿಂದ ತಿಳಿಯಬಹುದು. ಈ ರೋಗದಲ್ಲಿ ಬಟ್ಟೆ ಬದಲಾಯಿಸುವಾಗಲೋ ಎದೆಯ ಕಫ ಬಿಡಿಸಲು ತಟ್ಟುವಾಗಲೋ ಪಕ್ಕೆಲುಬು ಮುರಿದು, ಅದು ಯಾರಿಗೂ ತಿಳಿಯದೆ ಹೋಗುವುದುಂಟು. ತಿಂಗಳುಗಳ ಅನಂತರ ನೆಗಡಿ ಕೆಮ್ಮಿಗಾಗಿ ತೆಗೆದ ಚಿತ್ರದಲ್ಲಿ ಆ ಹಳೆಯ ಮುರಿತ ಕಾಣಿಸಿಕೊಳ್ಳುತ್ತದೆ. ಮನೆಯಲ್ಲಿ ಯಾರೋ ಕೂಸನ್ನು ಹೊಡೆದಿರಬೇಕೆಂಬ ಸಂಶಯ ಆಗ ತಂದೆತಾಯಿಗಳ ಮೇಲೆ ಬೀಳುತ್ತದೆ. ಇಂಥ ಪ್ರಕರಣಗಳು ಪಾಶ್ಚಾತ್ಯ ದೇಶಗಳಲ್ಲಿ ನ್ಯಾಯಾಲಯದವರೆಗೂ ಹೋಗುತ್ತವೆ. ಶಿಶು ಆಸ್ಪತ್ರೆಯಲ್ಲಿದ್ದ ವಾರಗಳಲ್ಲಿ ಬರೆದಿಟ್ಟ ಫಾಸ್ಫಟೇಸ್ ಮತ್ತು ರಂಜಕದ ಸಂಖ್ಯೆಗಳು ಆಗ ದಾಖಲೆಯಾಗುತ್ತವೆ. ಆ ಸಂಖ್ಯೆಗಳನ್ನು ಬರೆದಿಡದೆ ಹೋಗಿದ್ದರೆ, ಕೂಸನ್ನು ತಿಂಗಳುಗಟ್ಟಲೆ ಕಾವಲು ಕಾದು ಉಳಿಸಿಕೊಂಡ ತಾಯಿಯ ಪರವಾಗಿ ಹೇಳಲು ಕಾಗದವೇ ಇರುವುದಿಲ್ಲ.

ಅಮೆರಿಕದ ಶಿಶುವೈದ್ಯರ ಅಕಾಡೆಮಿ 2013ರಲ್ಲಿ ಪ್ರಕಟಿಸಿದ ವರದಿಯು 1500 ಗ್ರಾಮಿಗಿಂತ ಕಡಿಮೆ ತೂಕದ ಶಿಶುಗಳಿಗೆ ನಾಲ್ಕೈದನೆಯ ವಾರದಿಂದ ಈ ಎರಡು ರಕ್ತಪರೀಕ್ಷೆಗಳನ್ನು ಸೂಚಿಸುತ್ತದೆ. ಲೀಟರಿಗೆ ಫಾಸ್ಫಟೇಸ್ 800ರಿಂದ 1000 ಮಾನಗಳನ್ನು ದಾಟಿದರೆ ಚಿತ್ರ ತೆಗೆಯಬೇಕು. 100 ಮಿಲಿಲೀಟರಿಗೆ ರಂಜಕವು 4 ಮಿಲಿಗ್ರಾಮಿಗಿಂತ ಕೆಳಗೇ ನಿಂತರೆ ಎಚ್ಚರವಾಗಬೇಕು. ಆದರೆ ಎಲ್ಲ ದೇಶಗಳೂ ಒಪ್ಪಿದ ಒಂದೇ ಗಡಿರೇಖೆ ಇನ್ನೂ ಇಲ್ಲ. ಒಂದೊಂದು ಆಸ್ಪತ್ರೆ ಒಂದೊಂದು ಸಂಖ್ಯೆಯನ್ನು ಹಿಡಿದಿದೆ.

ನಮ್ಮ ದೇಶಕ್ಕೆ ಈ ವಿಷಯ ಹೊರಗಿನದಲ್ಲ. 2020ರಲ್ಲಿ ಜಗತ್ತಿನಲ್ಲಿ ಅವಧಿಗೆ ಮುಂಚೆ ಹುಟ್ಟಿದ ಸುಮಾರು 1 ಕೋಟಿ 34 ಲಕ್ಷ ಶಿಶುಗಳಲ್ಲಿ 30 ಲಕ್ಷ ಭಾರತದವೆಂದು ಅಂತರರಾಷ್ಟ್ರೀಯ ಅಂದಾಜು. ಏಷ್ಯಾದಲ್ಲಿಯೇ ಮೊದಲನೆಯದೆನ್ನಲಾದ ತಾಯಿಹಾಲಿನ ನಿಧಿ 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಆರಂಭವಾಯಿತು. ಆ ಹಾಲು ಸೋಂಕಿನಿಂದ ಕಾಪಾಡುತ್ತದೆ. ಮೂಳೆಗೆ ಬೇಕಾದ ಖನಿಜವನ್ನು ಮಾತ್ರ ಬೇರೆಯಾಗಿ ಬೆರೆಸಬೇಕು. ಈ ಬೆರಕೆಯ ಪುಡಿಗೆ ಹಣ ಬೇಕು. ಡೆಕ್ಸಾ ಯಂತ್ರವಾಗಲಿ ಧ್ವನಿಯಂತ್ರವಾಗಲಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಕ್ಕುವ ವಸ್ತುಗಳಲ್ಲ. ಆದರೆ 1920ರ ದಶಕದಲ್ಲಿ ಹುಟ್ಟಿ 1946ರಲ್ಲಿ ಕೂಸಿನ ಅಳತೆಗೆ ಇಳಿದ ಫಾಸ್ಫಟೇಸ್ ಪರೀಕ್ಷೆ, ಅದರೊಡನೆ ರಂಜಕದ ಪರೀಕ್ಷೆ, ಇವೆರಡೂ ಸಾಧಾರಣ ಪ್ರಯೋಗಶಾಲೆಯಲ್ಲಿಯೂ ಆಗತಕ್ಕವು. ನಾಲ್ಕನೆಯ ವಾರದಲ್ಲಿ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತ, ಅದರ ಫಲಿತಾಂಶವನ್ನು ಬರೆದಿಡಲು ಕೂಸಿನ ಪಟ್ಟಿಯಲ್ಲೊಂದು ಸಾಲು, ಎರಡು ವಾರಗಳ ಮೇಲೆ ಇನ್ನೊಂದು ಸಾಲು. ಇದಕ್ಕೆ ಬೇಕಾಗುವುದು ಇಷ್ಟೇ.